ಸೊಪ್ಪು ಹಾಕುವ ಕಲ್ಲು

ಕಾಡಿನ ಗೇಟಿನಲ್ಲಿದ್ದ ಹುಡುಗ ಟಿಕೆಟಿನ ಜೊತೆಗೆ ನನ್ನ ಕೈಗೊಂದು ಕೋಲು ಕೊಟ್ಟ. ಕೋಲಿನ ತುದಿಯಲ್ಲಿ ಬಟ್ಟೆಯ ಸಣ್ಣ ಗಂಟು. ಜಿಗಣೆ ಕಚ್ಚಿದರೆ ಇದನ್ನು ಒತ್ತಿ ಹಿಡಿಯಿರಿ, ತಾನಾಗಿ ಬಿದ್ದುಹೋಗುತ್ತದೆ ಎಂದು ನನಗೇ ಪಾಠ ಹೇಳಿದ. ಗಂಟನ್ನು ಮೂಗಿನ ಹತ್ತಿರ ತಂದೆ. ಹೊಗೆಸೊಪ್ಪಿನ ಪುಡಿ, ಒದ್ದೆಯಾದ ಉಪ್ಪು... ಆ ಘಾಟು ಮೂಗಿಗೆ ಹತ್ತಿದ್ದೇ ತಡ, ಕಣ್ಣಲ್ಲಿ ನೀರು ಬಂತು. ಅವನು ಘಾಟಿಗೆ ಬಂದ ನೀರೆಂದುಕೊಂಡು ನಕ್ಕ. ನಾನೂ ನಕ್ಕೆ. ನಮ್ಮ ಹೊಲಿಗೆ ಟೀಚರ ವಿಷಯ ಅವನಿಗೆ ಎಲ್ಲಿಂದ ಶುರುಮಾಡಿ ಹೇಳಲಿ?

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಸುಳ್ಯ ಪೇಟೆಯ ಒಂದು ಓಣಿಯಲ್ಲಿ ನಮ್ಮ ಬಾಡಿಗೆ ಮನೆ. ಎದುರಿನ ಕೋಣೆಯಲ್ಲಿ ಟೀಚರ್ ಒಬ್ಬರೇ ಇದ್ದರು. ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದರು, ಸಂಜೆ ಓಣಿಯವರ ರವಕೆ, ಫ್ರಾಕು, ಚಡ್ಡಿ ಹೊಲಿಯುತ್ತಿದ್ದರು. ಕೊರಳಲ್ಲಿ ಕರಿಮಣಿ, ಹಣೆಯಲ್ಲಿ ಕುಂಕುಮ ಇದ್ದವು. ಗಂಡನನ್ನು ಮಾತ್ರ ನಾವು ಯಾರೂ ನೋಡಿರಲಿಲ್ಲ. ಬೊಂಬಾಯಿಯಲ್ಲಿದ್ದಾರಂತೆ ಎಂದು ಓಣಿ ತೀರ್ಮಾನ ಮಾಡಿಯಾಗಿತ್ತು. ಆ ಕಾಲದಲ್ಲಿ ಕಣ್ಣಿಗೆ ಕಾಣದ ಗಂಡಸರೆಲ್ಲ ಬೊಂಬಾಯಿಯಲ್ಲೇ ಇರುತ್ತಿದ್ದರು.

ಈ ಟೀಚರಿಗೆ ಒಂದು ಹುಚ್ಚಿತ್ತು. ಭಾನುವಾರ ಬಂದರೆ ಓಣಿಯವರನ್ನೆಲ್ಲ ಎಬ್ಬಿಸಿಕೊಂಡು ಕಾಡಿಗೆ ಹೊರಡುವುದು. ಕಟ್ಟಿಗೆಗಲ್ಲ, ಸೊಪ್ಪಿಗಲ್ಲ, ಜೇನಿಗೂ ಅಲ್ಲ, ಬರೀ ನಡೆಯುವುದಕ್ಕೆ. ನಮ್ಮ ಕಡೆ ಹಾಗೆ ಕಾಡಿಗೆ ಹೋದವರನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಕೆಲಸ ಇಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ ಎಂದು ನನ್ನ ಅಜ್ಜಿ ಜಗಲಿಯಲ್ಲಿ ಕೂತು ಹೇಳುತ್ತಿದ್ದರು. ಟೀಚರ್ ಅದನ್ನು ಕೇಳಿಸಿಕೊಂಡು, ನಗುತ್ತಲೇ ನಮ್ಮ ಅಮ್ಮನ ಬುತ್ತಿಯ ಚೀಲವನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದರು.

ಅಪ್ಪ ಸುಳ್ಯ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟರು. ಬೆಳಗ್ಗಿನಿಂದ ಸಂಜೆಯವರೆಗೆ ಊರುಗಳ ಹೆಸರು ಕೂಗಿ ಜನರನ್ನು ಬಸ್ಸು ಹತ್ತಿಸುವುದು ಅವರ ಕೆಲಸ. ಹಾಗಾಗಿ ನಮಗೊಂದು ಅನುಕೂಲವಿತ್ತು. ಮಡಿಕೇರಿ ಕಡೆಯ ಬಸ್ಸು ಕಲ್ಲುಗುಂಡಿಗಿಂತ ಸ್ವಲ್ಪ ಮೊದಲು, ಸ್ಟಾಪೇ ಇಲ್ಲದ ಒಂದು ತಿರುವಿನಲ್ಲಿ ನಮ್ಮನ್ನು ಇಳಿಸುತ್ತಿತ್ತು. ನಮ್ಮ ಮನೆಯವರು, ಪಕ್ಕದ ಪಾತ್ರೆ ಅಂಗಡಿಯ ಬ್ಯಾರಿ ಮುಸಲ್ಮಾನರ ಮನೆಯವರು, ಇಬ್ಬರ ಮನೆಗೂ ಬಂದ ನೆಂಟರು, ಎಲ್ಲ ಸೇರಿ ಒಂದು ದಿಬ್ಬಣದಷ್ಟು ಜನ ಇಳಿಯುತ್ತಿದ್ದೆವು.

ಟೀಚರ್ ಕಾಡಿನಲ್ಲಿ ದಾರಿಗಳನ್ನು ಮಾಡಿಟ್ಟಿದ್ದರು. ಮಾಡಿದ್ದು ಎಂದರೆ ಕಡಿದು ಮಾಡಿದ್ದಲ್ಲ. ದನ ನಡೆದ, ಕಟ್ಟಿಗೆಯವರು ನಡೆದ ಹಳೇ ಜಾಡುಗಳನ್ನೇ ಹುಡುಕಿ, ಯಾರು ಎಲ್ಲಿ ನಡೆಯಬಹುದು ಎಂದು ನೋಡಿ ಹೆಸರಿಟ್ಟಿದ್ದರು. ಕಂಕುಳಲ್ಲಿ ಮಗು ಇರುವವರಿಗೆ ತೊಟ್ಟಿಲ ದಾರಿ, ಅದು ಸಮತಟ್ಟು. ಅಲ್ಲಲ್ಲಿ ಕೂತುಕೊಳ್ಳಲು ಬಂಡೆ ಇರುವುದು ಅಜ್ಜಿ ದಾರಿ. ಹಳ್ಳ ದಾಟಿ ಏರುವುದು ಗಂಡಸರ ದಾರಿ. ಅದರಲ್ಲಿ ಮೊದಲು ಓಡುತ್ತಿದ್ದದ್ದು ಹೆಣ್ಣುಮಕ್ಕಳಾದ ನಾವು. ದಾರಿ ತಪ್ಪಬಾರದೆಂದು ಮರಗಳಿಗೆ ಹೊಲಿಗೆಯಲ್ಲಿ ಉಳಿದ ಚಿಂದಿ ಕಟ್ಟುತ್ತಿದ್ದರು. ನನ್ನ ನೀಲಿ ಫ್ರಾಕಿನ ಚೂರು ಒಂದು ಹೆಬ್ಬಲಸಿನ ಕೊಂಬೆಯಲ್ಲಿ ಎಷ್ಟೋ ವರ್ಷ ಇತ್ತು. ನನ್ನ ಬಟ್ಟೆ ಕಾಡಿನಲ್ಲಿ ಉಂಟು ಎಂದು ಶಾಲೆಯಲ್ಲಿ ಜಂಬ ಕೊಚ್ಚಿದ್ದೆ.

ಕಾಡು ಶುರುವಾಗುವಲ್ಲಿ ಒಂದು ಕಲ್ಲು. ಅಲ್ಲಿ ಒಂದು ಹಸಿರು ಟೊಂಗೆ ಮುರಿದಿಟ್ಟು ಹೋದರೆ ಕಾಡು ನಮ್ಮನ್ನು ತಿರುಗಿ ಕಳಿಸುತ್ತದೆ ಎಂಬುದು ಹಿಂದಿನಿಂದ ಬಂದ ನಂಬಿಕೆ. ಕಟ್ಟಿಗೆಗೆ ಹೋಗುವವರೆಲ್ಲ ಹಾಗೆ ಸೊಪ್ಪು ಹಾಕುತ್ತಿದ್ದರು. ಟೀಚರ್ ಅದಕ್ಕೆ ತಮ್ಮದೊಂದು ನಿಯಮ ಸೇರಿಸಿದ್ದರು. ಹೋಗುವಾಗ ಟೊಂಗೆಯ ತುದಿ ಕಾಡಿನ ಕಡೆಗೆ ಇರಬೇಕು. ಬರುವಾಗ ನಮ್ಮ ನಮ್ಮ ಟೊಂಗೆಯನ್ನು ತುದಿ ರಸ್ತೆಯ ಕಡೆಗೆ ಬರುವಂತೆ ತಿರುಗಿಸಿಡಬೇಕು. ತಿರುಗಿಸದೆ ಉಳಿದರೆ ಯಾರೋ ಒಳಗೆ ಬಾಕಿ ಎಂದು ಲೆಕ್ಕ. ಪಾತ್ರೆ ಅಂಗಡಿಯ ಮನೆಯಾಕೆಯೂ ಹಾಕುತ್ತಿದ್ದರು. ತಾನು ಹಾಕುವುದು ಕಲ್ಲಿಗಲ್ಲ, ಟೀಚರಿಗೆ ಎನ್ನುತ್ತಿದ್ದರು. ಎಲ್ಲರೂ ಹಾಕಿದ ಮೇಲೆ ಕೊನೆಗೆ ಟೀಚರ್. ಬರುವಾಗಲೂ ಅವರೇ ಕೊನೆ. ಮಕ್ಕಳು ಹಿಂದೆ ಉಳಿಯಬಾರದಲ್ಲ ಎಂದು ನಾವು ಅಂದುಕೊಂಡಿದ್ದೆವು.

ಒಂದು ಮಳೆಗಾಲದ ಕೊನೆಗೆ, ಏನು ಮನಸ್ಸಾಯಿತೋ, ನಮ್ಮ ಅಜ್ಜಿಯೂ ಹೊರಟರು. ತನ್ನ ಹೆಸರಿನ ದಾರಿಯೊಂದು ಉಂಟಂತೆ, ನೋಡಿಬಿಡುವ ಎಂದರು. ಬಂಡೆ ಬಂಡೆಯಲ್ಲಿ ಕೂತು, ಬುತ್ತಿಯ ಅಕ್ಕಿ ಪುಂಡಿ ತಿಂದು, ಕಾಡಿನ ಬಗ್ಗೆ ಮೊದಲ ಬಾರಿ ಒಳ್ಳೆಯ ಮಾತಾಡಿದ್ದೂ ಆಯಿತು. ವಾಪಸ್ಸು ಹೊರಡುವಾಗ ಬೇರಿಗೆ ಎಡವಿ ಕಾಲು ಉಳುಕಿತು. ಟೀಚರ್ ಜಿಗಣೆಗೆಂದು ಹೊಗೆಸೊಪ್ಪಿನ ಗಂಟು ಕಟ್ಟಿದ ತಮ್ಮ ಕೋಲನ್ನು ಅಜ್ಜಿಗೆ ಕೊಟ್ಟು, ಹೆಗಲು ಕೊಟ್ಟು, ಇಬ್ಬರ ಸೊಪ್ಪನ್ನೂ ತಿರುಗಿಸಿಟ್ಟು, ಎಲ್ಲರಿಗಿಂತ ಮುಂದಾಗಿ ರಸ್ತೆಗೆ ಕರೆದುಕೊಂಡು ಹೋದರು. ಆ ದಿನ ಕೊನೆಗೆ ಬಂದದ್ದು ನನ್ನ ಅಮ್ಮ.

ಅಮ್ಮ ತನ್ನ ಸೊಪ್ಪು ತಿರುಗಿಸಿ ಎದ್ದು ನಿಂತವರು ಅಲ್ಲೇ ನಿಂತುಬಿಟ್ಟರು. ಕಲ್ಲಿನ ಮೇಲೆ ಇನ್ನೊಂದು ಟೊಂಗೆಯ ತುದಿ ಕಾಡಿನ ಕಡೆಗೇ ಇತ್ತು.

ಆಮೇಲೆ ಗಲಾಟೆಯೋ ಗಲಾಟೆ. ಮಕ್ಕಳನ್ನು ಎಣಿಸಿದರು, ಮತ್ತೆ ಎಣಿಸಿದರು. ಜಾಲ್ಸೂರಿನಿಂದ ಪಾತ್ರೆ ಅಂಗಡಿಯವರ ನೆಂಟರು ಬಂದಿದ್ದರು, ಅವರಲ್ಲಿ ಎಷ್ಟು ಮಕ್ಕಳೆಂದು ಅವರಿಗೇ ಖಾತ್ರಿ ಇರಲಿಲ್ಲ. ತಾಯಂದಿರು ಅಳತೊಡಗಿದರು. ಅಪ್ಪ ಕಾಡಿನೊಳಗೆ ಓಡಿದರು. ಅವರ ಗಂಟಲು ನಿಮಗೆ ಗೊತ್ತಿಲ್ಲ. ಬಸ್ ಸ್ಟ್ಯಾಂಡಿನ ಈ ತುದಿಯಲ್ಲಿ ಕೂಗಿದರೆ ಆ ತುದಿಯಲ್ಲಿ ಚಾ ಕುಡಿಯುವವನು ಲೋಟ ಇಟ್ಟು ಓಡಿಬರಬೇಕು. ದಿನವಿಡೀ ಹೆಸರು ಕೂಗುವ ಆ ಮನುಷ್ಯನಿಗೆ ಅಲ್ಲಿ ಕೂಗಲು ಒಂದು ಹೆಸರಿರಲಿಲ್ಲ. ಕಳೆದುಹೋದದ್ದು ಯಾರೆಂದೇ ಗೊತ್ತಿಲ್ಲವಲ್ಲ. "ಓ... ಯಾರುಂಟು ಅಲ್ಲಿ? ಓ... ಯಾರುಂಟು?" ಎಂದು ಕೂಗಿದರು, ಕೂಗಿದರು.

ಆ ಕೂಗು ರಸ್ತೆಯವರೆಗೂ ಕೇಳಿತು. ಟೀಚರ್ ಓಡಿಬಂದರು. ಸೆರಗು ಜಾರಿ, ಕೂದಲು ಬಿಚ್ಚಿಹೋಗಿ, ಕಲ್ಲನ್ನು ನೋಡಿದವರೇ ಅದರ ಪಕ್ಕ ಕುಸಿದು ಕೂತರು.

"ಕೂಗುದು ಬೇಡ ಅಂತ ಹೇಳಿ ಅವರಿಗೆ" ಎಂದರು ಅಮ್ಮನಿಗೆ. "ಯಾರೂ ಬಾಕಿ ಇಲ್ಲ. ಅದು ನಮ್ಮವರದ್ದು. ನಾನು ಎಷ್ಟೋ ಸಲ ಕೂಗಿ ನೋಡಿದ್ದೇನೆ."

ಬೊಂಬಾಯಿ ಸುಳ್ಳಾಗಿತ್ತು. ಟೀಚರ ಗಂಡ ಮರದ ಕಂಟ್ರಾಕ್ಟರೊಬ್ಬರ ಹತ್ತಿರ ಲೆಕ್ಕ ಬರೆಯುವ ರೈಟರಾಗಿದ್ದವರು. ಮದುವೆಯಾದ ಮರುವರ್ಷ, ಮರಗಳಿಗೆ ಗುರುತು ಹಾಕಲು ಅದೇ ದಾರಿಯಲ್ಲಿ ಕಾಡಿಗೆ ಹೋದವರು ಬರಲಿಲ್ಲ. ಹುಡುಕಿದರು, ಏನೂ ಸಿಗಲಿಲ್ಲ. ಆನೆ ಎಂದರು, ಹೊಳೆ ಎಂದರು, ಬೇರೆ ಸಂಸಾರ ಎಂದೂ ಹೇಳಿದರು. ಟೀಚರ್ ಯಾವುದನ್ನೂ ಒಪ್ಪಲಿಲ್ಲ; ಪ್ರತಿ ಸಲ ಎಲ್ಲರಿಗಿಂತ ಕೊನೆಗೆ ನಿಂತು, ತಮ್ಮ ಸೊಪ್ಪಿನ ಜೊತೆ ಗಂಡನದ್ದೂ ಒಂದು ಹಾಕುತ್ತಿದ್ದರು. ಒಂಟಿ ಹೆಂಗಸು ಕಾಡಿಗೆ ಹೋದರೆ ನಾಲ್ಕು ಜನ ನಾಲ್ಕು ಮಾತಾಡುತ್ತಾರೆ; ಮಕ್ಕಳು ಮರಿ ಕಟ್ಟಿಕೊಂಡು ಹೋದರೆ ಯಾರು ಏನು ಕೇಳುತ್ತಾರೆ?

ಕೇಳುವುದನ್ನು ಓಣಿ ಆಮೇಲೆ ಕೇಳಿತು. ನಮ್ಮ ಮಕ್ಕಳನ್ನು ಮುಂದಿಟ್ಟುಕೊಂಡು ಇವರು ಗಂಡನನ್ನು ಹುಡುಕುತ್ತಿದ್ದರಾ ಎಂದರು. ಅಮ್ಮನಿಗೂ ಸಿಟ್ಟಿತ್ತು, ಸುಳ್ಳು ಹೇಳುವುದಿಲ್ಲ. ಭಾನುವಾರಗಳು ಬಂದವು, ಹೋದವು. ಟೀಚರ್ ಬಾಗಿಲು ತೆರೆಯಲಿಲ್ಲ. ಒಳಗೆ ಹೊಲಿಗೆ ಮೆಷಿನಿನ ಸದ್ದು ಮಾತ್ರ. ಅವರು ಇನ್ನು ಆ ಕಾಡಿಗೆ ಕಾಲಿಡುವ ದಾರಿಯೇ ಮುಚ್ಚಿತ್ತು. ನಮ್ಮ ಜೊತೆ ಬಿಟ್ಟರೆ ಅವರಿಗೆ ಬೇರೆ ಜೊತೆ ಇರಲಿಲ್ಲ... ನನಗೆ ಆಗ ಅರ್ಥವಾದದ್ದು ಅಷ್ಟೇ, ಟೀಚರ್ ಇಲ್ಲದ ಭಾನುವಾರಕ್ಕೆ ರುಚಿಯಿಲ್ಲ.

ಒಂದು ಭಾನುವಾರ ಎದ್ದು ನೋಡಿದರೆ ಅಡುಗೆಮನೆಯಲ್ಲಿ ಪುಂಡಿ ಬೇಯುತ್ತಿದೆ. ಅಜ್ಜಿ ಬಾಳೆಲೆ ಬಾಡಿಸುತ್ತಿದ್ದಾರೆ. ಕಾಲು ಉಳುಕಿಸಿಕೊಂಡವರು ಅವರು, ಟೀಚರ ಪರ ಮೊದಲು ಮಾತಾಡಿದವರೂ ಅವರೇ ಎಂದು ಆಮೇಲೆ ಗೊತ್ತಾಯಿತು. ಸತ್ತವರಿಗಾದರೆ ವರ್ಷಕ್ಕೊಮ್ಮೆ ಎಡೆ ಇಡಬಹುದು, ಆ ಹೆಣ್ಣಿಗೆ ಅದೂ ಇಲ್ಲವಲ್ಲ ಎಂದಿದ್ದರಂತೆ. ಅಮ್ಮ ಬುತ್ತಿ ಕಟ್ಟಿಕೊಂಡು ಓಣಿ ದಾಟಿ, ಆ ಬಾಗಿಲು ತಟ್ಟಿದರು. ನಾನು ಹಿಂದೆಯೇ ಇದ್ದೆ. ಬಾಗಿಲು ತೆರೆಯುವವರೆಗೂ ತಟ್ಟಿದರು.

"ಎಂತ ಟೀಚರ್, ಬಸ್ಸಿಗೆ ಹೊತ್ತಾಗ್ಲಿಲ್ವಾ?" ಎಂದರು. "ಇವತ್ತು ನಿಮ್ಮವರ ಸೊಪ್ಪು ನಾನು ಹಾಕ್ತೇನೆ."

ಟೀಚರ್ ಒಳಗೆ ತಿರುಗಿದರು. ಬಾಗಿಲ ಹಿಂದಿನಿಂದ ಗಂಟು ಕಟ್ಟಿದ ಕೋಲನ್ನು ತೆಗೆದುಕೊಂಡರು, ಹೊಲಿಗೆ ಮೆಷಿನಿನ ಕೆಳಗಿದ್ದ ಚಿಂದಿಗಳನ್ನು ಬಾಚಿ ಚೀಲಕ್ಕೆ ತುಂಬಿಕೊಂಡರು. ಆ ಚಿಂದಿಗಳನ್ನು ಮಕ್ಕಳಿಗಷ್ಟೇ ಅಲ್ಲ, ಒಳಗೆ ಬಾಕಿಯಾದವರಿಗೂ ಕಾಣಲೆಂದು ಕಟ್ಟುತ್ತಿದ್ದರೆಂದು ನನ್ನ ಅಮ್ಮನಿಗೆ ಆಗ ತಿಳಿಯಿತಂತೆ. ಆ ದಿನದಿಂದ ಅಮ್ಮನೂ ತನ್ನ ಹಳೇ ಸೀರೆಯ ಅಂಚು ಹರಿದು ಕೊಡುತ್ತಿದ್ದರು, ದೂರಕ್ಕೆ ಕಾಣಲಿ ಎಂದು ಕೆಂಪು ಅಂಚನ್ನೇ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಟೀಚರಿಗೆ ಮಂಡಿ ನೋವು ಬಂತು. ಕಡಬದಲ್ಲಿ ತಂಗಿಯ ಮನೆಗೆ ಹೋದರು. ಹೋಗುವಾಗ ಕೋಲನ್ನು ಅಮ್ಮನ ಕೈಗೆ ಕೊಟ್ಟರು, ಅಷ್ಟೇ. ಅದರ ಅರ್ಥ ಅಮ್ಮನಿಗೆ ಗೊತ್ತಿತ್ತು. ಆಮೇಲೆ ನಾವು ಮಡಿಕೇರಿ ಕಡೆಗೆ ಯಾವ ಮದುವೆಗೆ ಹೊರಟರೂ ಆ ತಿರುವಿನಲ್ಲಿ ಬಸ್ಸು ನಿಲ್ಲಬೇಕು, ಅಮ್ಮ ರೇಷ್ಮೆ ಸೀರೆ ಎತ್ತಿಕೊಂಡು ಇಳಿಯಬೇಕು, ಕಲ್ಲಿಗೆ ಟೀಚರ ಗಂಡನ ಲೆಕ್ಕದ ಒಂದು ಸೊಪ್ಪು ಹಾಕಿ ಬರಬೇಕು. ಪ್ರಯಾಣಿಕರು ಗೊಣಗುತ್ತಿದ್ದರು. ಏಜೆಂಟರ ಹೆಂಡತಿ ಮಾರಾಯ್ರೆ, ಎಂತ ಮಾಡುದು ಎಂದು ಡ್ರೈವರ್ ಬೀಡಿ ಹಚ್ಚುತ್ತಿದ್ದ. ಟೀಚರ್ ತೀರಿಕೊಂಡ ಸುದ್ದಿ ಬಂದ ವಾರ ಅಮ್ಮ ಅಲ್ಲಿ ಎರಡು ಸೊಪ್ಪು ಹಾಕಿದರು. ಈಗ ಅಮ್ಮನೂ ಇಲ್ಲ...

ಆ ತಿರುವಿನಲ್ಲಿ ಈಗ ಕಮಾನು, ಗೇಟು, ಬೋರ್ಡು. ಸುಲಭದ ದಾರಿ, ಮಧ್ಯಮ ದಾರಿ, ಕಷ್ಟದ ದಾರಿ ಎಂದು ಬರೆದಿದ್ದಾರೆ. ಅಜ್ಜಿ ದಾರಿಯ ಬಂಡೆಗಳ ಪಕ್ಕ ಸಿಮೆಂಟು ಬೆಂಚು. ನೀರಿನ ಬಾಟಲಿ ಹಿಡಿದ ಸಂಸಾರಗಳು, ಹೆಗಲ ಮೇಲೆ ಮಕ್ಕಳು. ಹೊಟ್ಟೆಕಿಚ್ಚಾಗಲಿಲ್ಲ, ಸಂತೋಷವೇ ಆಯಿತು, ಟೀಚರಿಗೂ ಆಗುತ್ತಿತ್ತು. ಚಿಂದಿ ಒಂದೂ ಉಳಿದಿಲ್ಲ. ಕಲ್ಲು ಇದೆ, ಬೇಲಿಯ ಪಕ್ಕದಲ್ಲಿ.

"ಒಬ್ಬರೇನಾ ಮೇಡಂ?" ಎಂದು ಕೇಳಿದ್ದ ಆ ಹುಡುಗ. ಹೌದು, ಒಬ್ಬಳೇ ಎಂದು ಒಂದೇ ಟಿಕೆಟು ತೆಗೆದುಕೊಂಡಿದ್ದೆ.

ಕಲ್ಲಿನ ಹತ್ತಿರ ಬಗ್ಗಿ, ಅಮ್ಮನದ್ದೂ ನನ್ನದೂ ಸೇರಿಸಿ ನಾಲ್ಕು ಟೊಂಗೆ ಇಟ್ಟೆ. ತೊಟ್ಟಿಲ ದಾರಿಯಲ್ಲಿ ನಿಧಾನವಾಗಿ ನಡೆದು ತಿರುಗಿ ಬಂದೆ. ನನ್ನದೊಂದನ್ನು ರಸ್ತೆಯ ಕಡೆಗೆ ತಿರುಗಿಸಿಟ್ಟು, ಕೋಲನ್ನು ಹುಡುಗನಿಗೆ ವಾಪಸ್ಸು ಕೊಟ್ಟೆ.