ಖಲೀಫಾ ಸಿಟಿಯಲ್ಲಿ ಬರ್ಗಂಡಿಯ ದಾರಿ

ಮೊದಲೇ ಹೇಳಿಬಿಡುತ್ತೇನೆ. ಆ ರಾತ್ರಿ ನಾನು ಒಂದು ಹನಿಯೂ ಕುಡಿದಿರಲಿಲ್ಲ.

ನನ್ನ ಕತೆ ಕೇಳಿದವರ ಮೊದಲ ಅನುಮಾನವೇ ಅದು. ಅಳಿಯ ನಗುತ್ತಾನೆ: "ಮಾವ, ಸ್ವಲ್ಪ ಹಾಕಿದ್ದಿರಾ ಹೇಗೆ?" ಮಗಳು, "ಶುಗರ್ ಲೋ ಆಗಿರ್ಬೇಕು ಅಪ್ಪ, ಬೇರೆ ಎಂತದ್ದೂ ಅಲ್ಲ" ಅನ್ನುತ್ತಾಳೆ. ಅನ್ನಲಿ. ಸ್ಟೇರಿಂಗ್ ಹಿಡಿದಿದ್ದವನು ನಾನು.

ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಒಬ್ಬ ಫ್ರೆಂಚ್ ಎಂಜಿನಿಯರರ ಮನೆಗೆ ಹನ್ನೊಂದು ವರ್ಷ ಡ್ರೈವರಾಗಿದ್ದೆ. ಸಾಹೇಬರಿಗೆ ಒಂದೇ ಆಸೆ. ರಿಟೈರ್ ಆದ ಮೇಲೆ ತಮ್ಮ ಹುಟ್ಟೂರಿನ ಕಡೆಯ ಬರ್ಗಂಡಿ ಎಂಬ ದ್ರಾಕ್ಷಿ ಸೀಮೆಯನ್ನು ಮೋಟರ್‌ಹೋಮಿನಲ್ಲಿ ಸುತ್ತಬೇಕು, ಊರೂರಿನ ವೈನ್ ಸವಿಯಬೇಕು. ಅದಕ್ಕೆಂದೇ ಹಳೆಯದೊಂದನ್ನು ಕೊಂಡಿದ್ದರು. ಒಳಗೇ ಮಂಚ, ಒಲೆ, ಮೇಜು. ಮುಂದೆ ಅದನ್ನು ಹಡಗಿನಲ್ಲಿ ಫ್ರಾನ್ಸಿಗೆ ಕಳಿಸುವ ಯೋಚನೆ. ಅವರ ಒಂದು ಕಣ್ಣು ಮಂಜಾಗಿತ್ತು, ಅವರ ಹೆಂಡತಿ ಮೇಡಂಗೆ ಡ್ರೈವಿಂಗ್ ಬಾರದು. ಜೊತೆಗೆ ಹೋಗಿ ಓಡಿಸಲು ನಾನು ಒಪ್ಪಿದ್ದೆ.

ಪ್ರತಿ ಶುಕ್ರವಾರ ಬೆಳಿಗ್ಗೆ ನಮ್ಮ ರಿಹರ್ಸಲ್. ಖಲೀಫಾ ಸಿಟಿಯೇ ಬರ್ಗಂಡಿ! ಪೆಟ್ರೋಲ್ ಬಂಕ್ ಬೋನ್ ಎಂಬ ಊರು, ಶಾಲೆ ಪೊಮಾರ್, ಲಾಂಡ್ರಿ ವೊಲ್ನೆ, ಮಸೀದಿ ಪಕ್ಕದ ರೌಂಡಬೌಟ್ ಮರ್ಸೋ. 'ಗೋಶ್' ಅಂದರೆ ಎಡ, 'ದ್ರುವಾತ್' ಅಂದರೆ ಬಲ. "ಶೀನಾ, ಅದು ಲಾಂಡ್ರಿ ಅಲ್ಲ ಮಾರಾಯ, ದ್ರಾಕ್ಷಿ ತೋಟ!" ಎಂದು ಮಗುವಿನಂತೆ ನಗುತ್ತಿದ್ದರು. ಮಾರಾಯ ಅನ್ನುವುದನ್ನು ನಾನೇ ಕಲಿಸಿದ್ದು.

ಒಂದು ಸಂಜೆ ಅತಿಥಿಗಳೆದುರು ಅವರು ಅಂದರು: "ಶೀನ ಓಡಿಸ್ತಾನೆ, ನಾನು ಕುಡೀತೇನೆ. ಅವನಿಗೆ ವೈನೂ ಒಂದೇ, ನೀರೂ ಒಂದೇ."

ಎಲ್ಲರೂ ನಕ್ಕರು. ನನ್ನ ಅಪ್ಪ ತಾಳೆ ಮರ ಹತ್ತಿ ಕಳ್ಳು ಇಳಿಸುತ್ತಿದ್ದವರು. ಒಂದು ಗುಟುಕು ಬಾಯಿಗೆ ಹಾಕಿದರೆ ಯಾವ ಮರದ್ದೆಂದು ಹೇಳಬಲ್ಲವನು ನಾನು. ಆ ನಗು ಮುಳ್ಳಿನಂತೆ ಒಳಗೇ ಉಳಿಯಿತು.

ನನ್ನ ಫ್ರಾನ್ಸ್ ವೀಸಾದ ಕಾಗದಗಳನ್ನು ಸಾಹೇಬರು ಕೊಟ್ಟು ಕಳಿಸಿದಾಗ ನಾನು ಅವನ್ನು ಎಲ್ಲಿಗೂ ಒಯ್ಯಲಿಲ್ಲ. ರೂಮಿನಲ್ಲಿ ಹಾಸಿಗೆಯ ಕೆಳಗಿಟ್ಟೆ. ಮೂರು ವಾರ ಬಿಟ್ಟು, "ರಿಜೆಕ್ಟ್ ಆಯ್ತು ಸಾಹೇಬ್ರೆ" ಅಂದೆ.

"ಬರುವ ವರ್ಷ ಹೋಗೋಣ, ಶೀನಾ" ಅಂದರು. ಬರುವ ವರ್ಷಕ್ಕೆ ಅವರಿರಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿತ್ತು.

ಇದು ನನ್ನ ತಪ್ಪು. ಇಷ್ಟು ವರ್ಷದ ಮೇಲೆ ಬರೆಯುತ್ತಿದ್ದೇನೆ.

ಮೇಡಂ ಆ ಮೋಟರ್‌ಹೋಮ್ ಮಾರಿದರು. ದುಬೈ ಕಡೆಯ ಜಬಲ್ ಅಲಿಯ ಯಾರ್ಡಿಗೆ ಮುಟ್ಟಿಸಬೇಕಿತ್ತು. ಆಗಸ್ಟ್ ತಿಂಗಳು. ಹಗಲು ಹಳೆಯ ಎಂಜಿನ್ ಕಾಯುತ್ತದೆಂದು ರಾತ್ರಿ ಮೂರಕ್ಕೆ ಹೊರಟೆ.

ಗೇಟು ದಾಟಿ ಇನ್ನೂರು ಗಜ ಹೋಗಿರಲಿಲ್ಲ... ಟಿಂಗ್, ಟಿಂಗ್, ಟಿಂಗ್. ಪಕ್ಕದ ಸೀಟಿನ ಬೆಲ್ಟ್ ಅಲಾರಂ. ಸೀಟಿನಲ್ಲಿ ಭಾರ ಇದ್ದರೆ ಮಾತ್ರ ಕೂಗುವಂಥದ್ದು ಅದು.

ಸೀಟು ಖಾಲಿ.

ಕೈ ಚಾಚಿ ಖಾಲಿ ಸೀಟಿಗೆ ಬೆಲ್ಟ್ ಹಾಕಿದೆ. ಶಬ್ದ ನಿಂತಿತು. ಎಸಿಯಿಂದ ಒದ್ದೆ ಮಣ್ಣಿನ ವಾಸನೆ ಬಂತು, ಹಿಂದೆಯೇ ಹುಳಿ ಬಂದ ಹಣ್ಣಿನದ್ದು.

"ಗೋಶ್."

ಪಿಸುಮಾತು. ಎಡಕ್ಕೆ ತಿರುಗಿಸಿದೆ. ಯಾಕೆಂದು ಕೇಳಬೇಡಿ, ಹನ್ನೊಂದು ವರ್ಷದ ಅಭ್ಯಾಸ. ಪೆಟ್ರೋಲ್ ಬಂಕ್ ಬಂತು. "ದ್ರುವಾತ್." ಶಾಲೆ. ಲಾಂಡ್ರಿ. ಮಸೀದಿಯ ರೌಂಡಬೌಟ್... ಮತ್ತೆ ಬಂಕ್. ಹೈವೇಯ ದಾರಿ ಹಿಡಿಯಬೇಕೆಂದುಕೊಳ್ಳುತ್ತೇನೆ, ಅಷ್ಟರಲ್ಲಿ ಆ ದನಿ. ಕೈ ತಾನಾಗಿ ತಿರುಗುತ್ತದೆ. ಒಂದೇ ಬಣ್ಣದ ವಿಲ್ಲಾಗಳು, ಒಂದೇ ಬಣ್ಣದ ಗೋಡೆಗಳು. ಎಷ್ಟು ಸುತ್ತು ಹಾಕಿದೆನೋ.

ಕೊನೆಗೆ ಸಿಟ್ಟು ಬಂತು. ರೌಂಡಬೌಟಿನ ಬಾಯಲ್ಲೇ ಬ್ರೇಕ್ ಒತ್ತಿದೆ.

"ಹೌದು, ಸುಳ್ಳು ಹೇಳಿದ್ದು ನಾನೇ!" ಖಾಲಿ ಸೀಟಿಗೆ ಕೂಗಿದೆ. "ವೀಸಾಕ್ಕೆ ಹಾಕಲೇ ಇಲ್ಲ. ತಪ್ಪಾಯ್ತು ಸಾಹೇಬ್ರೆ, ಕಾಲು ಹಿಡೀತೇನೆ. ಆದರೆ ಅಷ್ಟು ಜನರೆದುರು ನನ್ನನ್ನು ನಗೆ ಮಾಡಿದ್ದು ನೀವಲ್ಲವಾ? ಅದಕ್ಕೆಂತ ಹೇಳ್ತೀರಿ?"

ಖಾಲಿ ಸೀಟಿನ ಬೆಲ್ಟ್ ಬಿಗಿಯಾಗಿ, ಮೆಲ್ಲಗೆ ಸಡಿಲಾಗಿ, ಮತ್ತೆ ಬಿಗಿಯಾಯಿತು... ಯಾರೋ ಉಸಿರಾಡುವ ಹಾಗೆ.

ಎಡವೋ ಬಲವೋ ಹೇಳಲಿ ಎಂದು ಕಾದೆ. ಮಸೀದಿಯಲ್ಲಿ ಬಾಂಗ್ ಶುರುವಾಯಿತು. ಬೆಲ್ಟ್ ಸಡಿಲಾಗಿ ಇಳಿಬಿತ್ತು. ವಾಸನೆಯೂ ಇರಲಿಲ್ಲ.

ಆಮೇಲೆ ದಾರಿ ಸಿಕ್ಕಿತು. ಗಾಡಿ ಒಪ್ಪಿಸಿ, ಯಾರ್ಡಿನ ಹೊರಗೆ ನಿಂತು ಮೇಡಂಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು. ವೀಸಾದ ವಿಷಯ ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆಂದು ಕಾದೆ.

"ನನಗೆ ಯಾಕೆ ಹೇಳ್ತೀಯ?" ಅಂದರು. "ಅವರಿಗೆ ಹೇಳಬೇಕಿತ್ತು."

"ಹೇಳಿದೆ ಮೇಡಂ. ಈಗ, ದಾರಿಯಲ್ಲಿ."

ಅವರು ನಗಲಿಲ್ಲ. ಅಳಿಯನ ಹಾಗೆ ಕುಡಿದಿದ್ದೀಯಾ ಎಂದೂ ಕೇಳಲಿಲ್ಲ. ದನಿ ತಗ್ಗಿಸಿ ಕೇಳಿದರು:

"ಏನಂದರು?"

"ಏನೂ ಹೇಳಲಿಲ್ಲ ಮೇಡಂ."

"ನನ್ನ ಹತ್ತಿರವೂ ಅಷ್ಟೇ, ಶೀನಾ. ದಿನಾ ರಾತ್ರಿ... ಎಡ, ಬಲ. ಬೇರೆ ಮಾತೇ ಇಲ್ಲ."

ಫೋನ್ ಇಟ್ಟುಬಿಟ್ಟರು.

ಈಗ ಹೇಳಿ. ಅವರಿಗೂ ಶುಗರ್ ಲೋ ಆಗಿತ್ತಾ?