ಬೆಟ್ಟಮ್ಮ ಕೊಯ್ಯದೆ ಬಿಟ್ಟ ಹುಲ್ಲು

ಮಾಘದ ಮಂಜು ಇನ್ನೂ ಕರಗಿಲ್ಲ. ಚಾಮುಂಡಿ ಬೆಟ್ಟದ ಹಿಂಬದಿಯ ಹುಲ್ಲುಗಾವಲಿನಲ್ಲಿ ಈ ಹೊತ್ತು ಮಂಜು ಯಾವುದು, ನಿನ್ನೆ ಹಚ್ಚಿದ ಬೆಂಕಿಯ ಹೊಗೆ ಯಾವುದು ಎಂದು ಹೇಳುವುದು ಕಷ್ಟ. ಸುತ್ತಲೂ ನೆಲ ಕರ್ರಗೆ ಸುಟ್ಟಿದೆ. ನಡುವೆ ಒಂದೇ ಕಡೆ, ಶಾಲೆಯ ಅಂಗಳದಷ್ಟು ಜಾಗದಲ್ಲಿ, ಸೊಂಟದೆತ್ತರದ ಒಣಹುಲ್ಲು ನಿಂತಿದೆ. ಅದರ ಅಂಚಿನಲ್ಲಿ ಕಂಬಳಿ ಹೊದ್ದು ಬೆಟ್ಟಮ್ಮ ಕೂತಿದ್ದಾರೆ. ಕುಡುಗೋಲು ಪಕ್ಕದಲ್ಲೇ ಇದೆ, ಕೈ ಅದರ ಮೇಲಿಲ್ಲ. ನಿನ್ನೆ ಬೆಂಕಿಯ ಮುಂದೆ ಎದೆಗೊಟ್ಟು ನಿಂತ ಹೆಂಗಸು ಇವತ್ತು ಹುಲ್ಲಿನೊಳಗೆ ನಾಲ್ಕು ಹೆಜ್ಜೆ ಇಡಲು ಹೆದರುತ್ತಿದ್ದಾರೆ. ರಾತ್ರಿ ಗಿಡುಗಗಳು ಇಲ್ಲಿ ಬಂದು ಮಲಗಿದವೋ, ಹೊಗೆಗೆ ಬೆದರಿ ಬೇರೆಲ್ಲಾದರೂ ಹೋದವೋ ಎಂಬುದು ಒಳಗೆ ಹೋದರೆ ಗೊತ್ತಾಗಿಬಿಡುತ್ತದೆ.

ಗಿಡುಗ ಎಂದರೆ ಮರದ ತುದಿಯಲ್ಲಿ ಕೂರುವ ಹಕ್ಕಿ ಎಂದೇ ನಮ್ಮೆಲ್ಲರ ಎಣಿಕೆ. ಈ ಜಾತಿಯವು ಹಾಗಲ್ಲ. ದಸರೆ ಮುಗಿಯುವ ಹೊತ್ತಿಗೆ ಬಂದು ಯುಗಾದಿಯ ಆಸುಪಾಸಿನಲ್ಲಿ ಹೊರಡುವ ಇವು, ಹಗಲೆಲ್ಲ ಮಿಡತೆ, ಓತಿಕ್ಯಾತ ಹಿಡಿದು ತಿಂದು, ಸಂಜೆಯಾದರೆ ಎತ್ತರದ ಹುಲ್ಲು ಹುಡುಕಿ ನೆಲದ ಮೇಲೆ ಒತ್ತೊತ್ತಾಗಿ ಮಲಗುತ್ತವೆ. ಹುಲ್ಲು ಕೊಯ್ದುಬಿಟ್ಟರೆ ಅವಕ್ಕೆ ಮನೆಯಿಲ್ಲ.

ಬೆಟ್ಟಮ್ಮನವರ ಮನೆ ಅಶೋಕಪುರಂನ ಕೊನೆಯ ಸಾಲಿನಲ್ಲಿ. ಗಂಡ ಚೆಲುವರಾಜು ಜಟಕಾ ಹೊಡೆಯುತ್ತಿದ್ದವರು. ಸ್ವಾತಂತ್ರ್ಯ ಬಂದ ಮೇಲೆ ಕೆಲವೇ ವರ್ಷ ಬದುಕಿದ್ದರು. ಅವರು ಹೋದ ಮೇಲೆ ಕುದುರೆಯೂ ಹೋಯಿತು. ಉಳಿದದ್ದು ಕುದುರೆಗೆ ಹುಲ್ಲು ತರುತ್ತಿದ್ದ ಕುಡುಗೋಲು. ಅಂದಿನಿಂದ ಬೆಟ್ಟಮ್ಮ ಬೆಳಗಿನ ಜಾವ ಇಲ್ಲಿಗೆ ಬಂದು ಕೊಯ್ದು, ಹೊರೆ ಕಟ್ಟಿ, ತಲೆ ಮೇಲೆ ಹೊತ್ತು ಅಗ್ರಹಾರದ ಜಟಕಾ ನಿಲ್ದಾಣಕ್ಕೆ ಒಯ್ಯುತ್ತಾರೆ. ಆ ಕುತ್ತಿಗೆ ನೋಡಿದವರು ಕುಸ್ತಿಪಟುವಿನದು ಎಂದುಕೊಂಡರೆ ತಪ್ಪಲ್ಲ.

ಹಾಗೆ ಕೊಯ್ಯಲು ಬಂದ ಮೊದಲ ಚಳಿಗಾಲದಲ್ಲೇ ಗಿಡುಗಗಳ ಗುಟ್ಟು ಸಿಕ್ಕಿದ್ದು. ಮರೆತುಹೋದ ಕುಡುಗೋಲಿಗಾಗಿ ಸಂಜೆ ವಾಪಸು ಬಂದವರಿಗೆ, ದೊಡ್ಡ ಹಕ್ಕಿಗಳು ಒಂದೊಂದಾಗಿ ಸುತ್ತು ಹಾಕಿ ಹುಲ್ಲಿನೊಳಗೆ ಇಳಿದು ಕಾಣೆಯಾಗುವುದು ಕಂಡಿತು. ಮರುದಿನ ಬೆಳಿಗ್ಗೆ ಆ ಜಾಗಕ್ಕೆ ಹೋದರೆ ಹುಲ್ಲು ತಟ್ಟೆಯಗಲಕ್ಕೆ ಮಲಗಿತ್ತು. ಸುಮ್ಮನೆ ಅಂಗೈ ಇಟ್ಟು ನೋಡಿದರು.

"ಬೆಚ್ಚಗಿತ್ತು ಸ್ವಾಮಿ. ಯಾರೋ ಈಗ್ತಾನೆ ಎದ್ದೋದಂಗೆ," ಎನ್ನುತ್ತಾರೆ ಬೆಟ್ಟಮ್ಮ. "ಆಗ ನಮ್ಮನೇಲಿ ಚಾಪೆದು ಆ ಕಡೆ ಮಗ್ಗುಲು ತಣ್ಣಗಿತ್ತಲ್ಲ. ನಾನು ಅಲ್ಲೇ ಕೂತು ಅತ್ಬುಟ್ಟೆ."

ಅವತ್ತಿನಿಂದ, ಹಕ್ಕಿಗಳು ಇರುವಷ್ಟು ದಿನ ಆ ಜಾಗಕ್ಕೆ ಅವರ ಕುಡುಗೋಲು ತಾಗಿಲ್ಲ. ಇಲ್ಲಿನ ರೂಢಿಯಂತೆ ಕೊಯ್ದ ಹುಲ್ಲಿನಲ್ಲಿ ಕೊಯ್ದವರಿಗೆ ಒಂದು ಪಾಲು ಉಂಟು. ಮಿಕ್ಕ ಹೆಂಗಸರು ತಮ್ಮ ಪಾಲನ್ನು ಹಸಿರಿರುವಾಗಲೇ ಮಾರುತ್ತಾರೆ. ಬೆಟ್ಟಮ್ಮ ತಮ್ಮ ಪಾಲೆಲ್ಲ ಈ ಒಂದೇ ಕಡೆ ಇರಲಿ ಎಂದು ಹುಲ್ಲುಗಾವಲನ್ನು ಗುತ್ತಿಗೆ ಹಿಡಿದವರಿಗೆ ಹೇಳಿ ನಿಲ್ಲಿಸಿಕೊಳ್ಳುತ್ತಾರೆ. ಹಕ್ಕಿಗಳು ಹೊರಡುವ ಹೊತ್ತಿಗೆ ಅದು ಒಣಗಿ, ಕುದುರೆ ಮೂಸಿಯೂ ನೋಡುವುದಿಲ್ಲ. ಆಗ ಕೊಯ್ದು ತಮ್ಮ ಮನೆಯ ಸೂರಿಗೆ ಹೊದಿಸುತ್ತಾರೆ. ಜೊತೆಗೆ ಕೊಯ್ಯುವ ಕೆಂಚಮ್ಮ ಇದಕ್ಕಾಗಿ ಅವರನ್ನು ವರ್ಷಗಟ್ಟಲೆ ಗೇಲಿ ಮಾಡಿದ್ದಾರೆ. ಗಿಡುಗಗಳಿಗೆ ದಿಂಬು ಹೊಲಿದುಕೊಡು ಎಂದೂ ಹೇಳಿದ್ದುಂಟು.

ಯಾದವಗಿರಿಯ ಅನಂತಪದ್ಮನಾಭ ಅವರು ಗೇಲಿ ಮಾಡಲಿಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ಈ ಮೇಷ್ಟರು ವಲಸೆ ಬರುವ ಗಿಡುಗಗಳ ಬೆನ್ನು ಹತ್ತಿದವರು. ಭಾನುವಾರ ಸೈಕಲ್ಲಿನಲ್ಲಿ ಬರುತ್ತಾರೆ. ಗಿಡುಗಗಳು ಅರಗದ ಮೂಳೆ, ರೆಕ್ಕೆ, ರೋಮಗಳನ್ನು ಉಂಡೆಮಾಡಿ ಮಲಗಿದಲ್ಲೇ ಕಕ್ಕಿ ಹೋಗುತ್ತವೆ. ಆ ಉಂಡೆಗಳನ್ನು ಬೆಟ್ಟಮ್ಮ ಆರಿಸಿಡುತ್ತಾರೆ, ಮೇಷ್ಟರು ಬಿಡಿಸಿ ಹಕ್ಕಿ ಏನು ತಿಂದಿತೆಂದು ನೋಡುತ್ತಾರೆ. ಇವು ಹಿಮಾಲಯದಾಚೆಯ ಬಯಲುಗಳಿಂದ ಬರುತ್ತವೆ ಎಂದು ಅವರು ಒಮ್ಮೆ ವಿವರಿಸಿದಾಗ ಬೆಟ್ಟಮ್ಮ ಒಂದೇ ಮಾತು ಕೇಳಿದರಂತೆ: ದಾರಿಯಲ್ಲಿ ಇವಕ್ಕೆ ಯಾರಾದರೂ ಹುಲ್ಲು ಬಿಟ್ಟಿರುತ್ತಾರಾ ಎಂದು. ಮೇಷ್ಟರು, ಬಿಟ್ಟಿರಬೇಕು, ಇಲ್ಲದಿದ್ದರೆ ಇಲ್ಲಿಯವರೆಗೆ ಹೇಗೆ ಬಂದಾವು ಎಂದರಂತೆ.

ಈ ಸಲ ತೊಂದರೆ ಬಂದದ್ದು ಬೆಂಕಿಯಿಂದ. ಕೊಯ್ಲು ಮುಗಿದ ಮೇಲೆ ಕೂಳೆ ಸುಟ್ಟರೆ ಮಳೆ ಬಿದ್ದಾಗ ಹೊಸ ಹುಲ್ಲು ಸೊಂಪಾಗಿ ಬರುತ್ತದೆ. ಪ್ರತಿ ವರ್ಷ ಯುಗಾದಿ ಕಳೆದ ಮೇಲೆ ಸುಡುತ್ತಿದ್ದರು. ಹೊಸ ಗುತ್ತಿಗೆದಾರ ಕರಿಬಸವಯ್ಯನವರಿಗೆ ಅಷ್ಟು ಕಾಯಲು ಪುರಸೊತ್ತಿಲ್ಲ. ಕೆಟ್ಟವರೇನಲ್ಲ, ಬೆಟ್ಟಮ್ಮ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ನಿನ್ನ ಪಾಲು ಮುಟ್ಟಲ್ಲ ಕಣಮ್ಮ. ಆದ್ರೆ ಅದು ಬೆಂಕಿಗೆ ಗೊತ್ತಾಗ್ಬೇಕಲ್ಲ?"

ಒಂದು ದಿನದ ಗಡುವು ಸಿಕ್ಕಿತು. ಬೆಟ್ಟಮ್ಮ ಗುದ್ದಲಿ ತಂದು, ಬೆಂಕಿ ದಾಟದಂತೆ ಹುಲ್ಲಿನ ಸುತ್ತ ನೆಲ ಕೆರೆಯತೊಡಗಿದರು. ಒಬ್ಬರ ಕೈಲಾಗುವ ಕೆಲಸವಲ್ಲ. ಮಧ್ಯಾಹ್ನಕ್ಕೆ ಕಾಲು ಭಾಗವೂ ಆಗಿರಲಿಲ್ಲ, ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಆಗ ಇನ್ನೊಂದು ಗುದ್ದಲಿಯ ಸದ್ದು ಕೇಳಿತು. ತಿರುಗಿ ನೋಡಿದರೆ ಕೆಂಚಮ್ಮ. ಆಗಲೇ ನೆಲ ಕೆರೆಯುತ್ತಿದ್ದರು, ಅವರ ಹಿಂದೆಯೇ ಮಿಕ್ಕ ಹೆಂಗಸರೂ ಬರುತ್ತಿದ್ದರು. ಮರುದಿನ, ಅಂದರೆ ನಿನ್ನೆ, ಬೆಂಕಿ ಹಚ್ಚಿದಾಗ ಎಲ್ಲರೂ ಹಸಿ ಸೊಪ್ಪು ಹಿಡಿದು ಸುತ್ತ ನಿಂತರು. ಗಾಳಿ ತಿರುಗಿ ಕಿಡಿ ಹಾರಿದಾಗ ಬಡಿದು ಆರಿಸಿದವರಲ್ಲಿ ಪಂಚೆ ಎತ್ತಿ ಕಟ್ಟಿದ್ದ ಕರಿಬಸವಯ್ಯನವರೂ ಇದ್ದರು. ಹುಲ್ಲು ಉಳಿಯಿತು. ಆದರೆ ಸಂಜೆ ಬಂದ ಗಿಡುಗಗಳು ಹೊಗೆಯ ಮೇಲೆ ಸುತ್ತು ಹಾಕುತ್ತಲೇ ಇದ್ದವು. ಕತ್ತಲಾಯಿತು, ಅವು ಇಳಿದದ್ದನ್ನು ಯಾರೂ ಕಾಣಲಿಲ್ಲ.

ಈಗ ಮಂಜಿನಲ್ಲಿ ಬೆಳಕು ಹರಿಯುತ್ತಿದೆ. ಹಕ್ಕಿಗಳು ಮಲಗಿದ್ದರೂ ಎದ್ದು ಹೋಗಿರಬೇಕಾದ ಹೊತ್ತು. ಕೆಂಚಮ್ಮ ಬಂದು ಪಕ್ಕದಲ್ಲಿ ನಿಂತು, ಎಷ್ಟೊತ್ತು ಕೂತಿರ್ತೀಯ ಎನ್ನುತ್ತಾರೆ. ಬೆಟ್ಟಮ್ಮ ಏಳುತ್ತಾರೆ. ಇಬ್ಬರೂ ಹುಲ್ಲು ಸರಿಸುತ್ತ ಒಳಗೆ ಹೋಗುತ್ತಾರೆ. ಒಂದು ಕಡೆ ಹುಲ್ಲು ಮಲಗಿದೆ. ನಿನ್ನೆಯದೋ ಮೊನ್ನೆಯದೋ ಕಣ್ಣಿಗೆ ತಿಳಿಯುವುದಿಲ್ಲ. ಬೆಟ್ಟಮ್ಮ ಮಂಡಿಯೂರಿ ಬೊಬ್ಬೆಯೆದ್ದ ಅಂಗೈಯನ್ನು ಅಲ್ಲಿಡುತ್ತಾರೆ. ಇಟ್ಟ ಕೈ ತೆಗೆಯುವುದಿಲ್ಲ.

ಏನಾಯಿತೇ ಎಂದು ಕೆಂಚಮ್ಮ ಕೇಳುತ್ತಾರೆ. ಬೆಟ್ಟಮ್ಮ ಆ ಗೆಳತಿಯ ಕೈಯನ್ನೂ ಎಳೆದು ತಮ್ಮ ಕೈಯ ಪಕ್ಕದಲ್ಲಿ ಇರಿಸುತ್ತಾರೆ. ವರ್ಷಗಟ್ಟಲೆ ನಕ್ಕ ಕೆಂಚಮ್ಮ ತಾವೇ ಇನ್ನೊಂದು ಅಂಗೈಯನ್ನೂ ಅಲ್ಲಿ ಇಡುತ್ತಾರೆ.

"ಬೆಚ್ಚಗದೆ ಅಲ್ವಾ?" ಎನ್ನುತ್ತಾರೆ ಬೆಟ್ಟಮ್ಮ. "ಯುಗಾದಿ ಗಂಟ ಇರ್ಲಿ ಕಣೆ. ಅವು ಊರಿಗೆ ಹೊರಡೋ ಗಂಟ ಈ ಹಾಸಿಗೆ ನಾನು ಮಡಿಸಾಕಿಲ್ಲ."