ಅಮ್ಮನ ಕಾಲಿಗೆ ಕಟ್ಟಿದ ಅಯಸ್ಕಾಂತ

ನನ್ನ ಸೋದರಮಾವನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಉದ್ದೇಶವೂ ಇಲ್ಲ. ನನ್ನಿಂದ ಯಾರೂ ದೊಡ್ಡ ಮನಸ್ಸು ನಿರೀಕ್ಷಿಸದಿರಲಿ ಎಂದು ಮೊದಲೇ ಹೇಳಿಬಿಡುತ್ತೇನೆ.

ಎಂಬತ್ತರ ದಶಕದ ಮಾತು. ತಮಿಳುನಾಡಿನ ಪಲ್ಲಡಂನಲ್ಲಿ ನಮ್ಮ ಮನೆಯ ಹಿಂಬದಿಗೇ ಪವರ್‌ಲೂಮ್‌ಗಳಿದ್ದವು. ಅಮ್ಮ ಹಗಲೆಲ್ಲ ಅವುಗಳ ಮುಂದೆ ನಿಂತಿರುತ್ತಿದ್ದಳು. ಮೊಣಕಾಲಿನ ಮೇಲೆ ಗಂಟು ಕಾಣಿಸಿದಾಗ ನಿಂತು ನಿಂತು ಬಂದದ್ದು ಅಂದುಕೊಂಡೆವು. ಕೊಯಮತ್ತೂರಿನ ಡಾಕ್ಟರು ಹಾಗೆನ್ನಲಿಲ್ಲ. ಬೇಗ ಆಪರೇಷನ್ ಮಾಡಿಸಿದರೆ ಗಂಟನ್ನಷ್ಟೇ ತೆಗೆಯಬಹುದು, ತಡವಾದರೆ ಕಾಲಿನ ಭರವಸೆ ಕೊಡಲಾರೆ ಅಂದರು.

ಅಷ್ಟರಲ್ಲಿ ಮಾಮ ಬಂದ. ಮೋಟಾರ್ ಕಾರ್ಖಾನೆಯಲ್ಲಿ ತಂತಿ ಸುತ್ತುವವನು. ಲೋಕದ ಕಾಂತಶಕ್ತಿಯೆಲ್ಲ ತನ್ನ ಬೆರಳಿನಿಂದಲೇ ಹುಟ್ಟುತ್ತದೆಂಬ ಜಂಬ. ಯಾವುದೋ ತಮಿಳು ವಾರಪತ್ರಿಕೆಯಲ್ಲಿ ಅವನು ಒಂದು ಸುದ್ದಿ ಓದಿದ್ದ. ಹೊರದೇಶದಲ್ಲಿ ಕಬ್ಬಿಣದ ಅತಿ ಸಣ್ಣ ಕಣಗಳಿಗೆ ಔಷಧ ಸೇರಿಸಿ, ಇಲಿಯ ರಕ್ತಕ್ಕೆ ಬಿಟ್ಟು, ಗಡ್ಡೆಯ ಪಕ್ಕ ಅಯಸ್ಕಾಂತ ಹಿಡಿದರಂತೆ. ಔಷಧ ಅಲ್ಲಿಯೇ ನಿಂತು ಗಡ್ಡೆ ಕರಗಿತಂತೆ. ಅವನು ಓದಿದ್ದು ಸುಳ್ಳಲ್ಲ. ಅದನ್ನು ನಮ್ಮ ಮನೆಗೆ ತಂದದ್ದೇ ಅನಾಹುತ.

"ಆಪರೇಷನ್ ಎಲ್ಲಾ ಯಾಕೆ ಅಮ್ಮಣಿ? ಶಕ್ತಿಗೆ ಕುಡಿಯೋ ಸತ್ತಿನ ಟಾನಿಕ್‌ನಲ್ಲಿ ಇರೋದು ಇರುಂಬು, ಕಬ್ಬಿಣ ತಾನೆ? ಡಾಕ್ಟರ್ ಕೊಟ್ಟ ಮಾತ್ರೆನ ಅದ್ರಲ್ಲೇ ಕಲಸಿ ಕುಡಿ. ಮೇಲೆ ಕಾಂತ ಇದ್ರೆ ಮದ್ದು ನೇರಾ ಅಲ್ಲಿಗೇ ಬಂದು ನಿಲ್ತದೆ."

ಹಳೆಯ ಲೌಡ್‌ಸ್ಪೀಕರಿನ ಅಯಸ್ಕಾಂತವನ್ನು, ನಮ್ಮದೇ ಮಗ್ಗದ ಬಟ್ಟೆ ಹರಿದು, ಗಂಟಿನ ಮೇಲೆ ಬಿಗಿದ. ಅಪ್ಪ ಬಟ್ಟೆಯ ತುದಿ ಹಿಡಿದುಕೊಟ್ಟ. ನಮ್ಮಲ್ಲಿ ಮಗುವಿನ ಕಿವಿ ಚುಚ್ಚುವುದಕ್ಕೂ ಸೋದರಮಾವನ ತೊಡೆಯೇ ಬೇಕು. ಅವನ ಮಾತು ತೆಗೆದುಹಾಕುವ ಧೈರ್ಯ ಯಾರಿಗಿದೆ? ಡಾಕ್ಟರು ಹೇಳಿದ್ದನ್ನು ನಾನು ನೆನಪಿಸಿದೆ. "ಹೆಣ್ಣುಮಗು, ಬಾಯಿ ಮುಚ್ಚು" ಅಂದ ಮಾಮ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುತ್ತಾರಲ್ಲ, ನಮ್ಮ ಮನೆ ಕೆಟ್ಟದ್ದು ಆ ಮಾತಿನಿಂದ.

ಅಮ್ಮನಿಗೆ ನೋವು ಏರುತ್ತಾ ಹೋಯಿತು. "ಎಳೀತಾ ಇದೆ ಅಣ್ಣಾ" ಎಂದರೆ ಅವನ ಮುಖ ಅರಳುತ್ತಿತ್ತು. "ನೋಡು, ಮದ್ದು ಬರ್ತಾ ಇದೆ!" ಹಲ್ಲು ಕಚ್ಚಿಕೊಂಡು ಅವಳೂ ನಗುತ್ತಿದ್ದಳು. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ. ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಕಟ್ಟಿದ್ದು. ದೀಪಾವಳಿಯ ಹೊತ್ತಿಗೆ ಅವಳಿಗೆ ಕಾಲೂರಲು ಆಗಲಿಲ್ಲ. ಮತ್ತೆ ಅದೇ ಡಾಕ್ಟರ ಬಳಿಗೆ ಹೊತ್ತುಕೊಂಡು ಹೋದೆವು. ತೊಡೆಯಿಂದ ಕೆಳಗೆ ಕಾಲನ್ನೇ ತೆಗೆದರು.

ಆಸ್ಪತ್ರೆಗೆ ಬಂದ ಮಾಮ ಮಂಚದ ಪಕ್ಕ ಕುಳಿತು ಅಳತೊಡಗಿದ. "ಇಲಿಗೆ ಗುಣ ಆಯ್ತಲ್ಲ ಅಮ್ಮಣಿ, ನಿನಗ್ಯಾಕೆ ಆಗ್ಲಿಲ್ಲ?" ಅಮ್ಮ ಅವನ ತಲೆ ಸವರುತ್ತಾ, "ನೀನೇನ್ ಮಾಡ್ತೀಯಣ್ಣಾ, ನನ್ನ ತಲೆಬರಹ" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಮಾಮ ಏನೂ ತಿಂದಿಲ್ಲ. ಕೆಳಗೆ ಹೋಗಿ ಕಾಫಿ ತಗೊಂಡ್ ಬಾ" ಅಂದಳು.

"ಅವರಿಗೆ ಎರಡು ಕಾಲೂ ನೆಟ್ಟಗಿದಾವಲ್ಲ. ತಾವೇ ಹೋಗಿ ಕುಡೀಲಿ" ಅಂದೆ.

ಅಮ್ಮ ಕೈಯೆತ್ತಿ ಕೆನ್ನೆಗೆ ಬಾರಿಸಿದಳು. ಅವನಿಗಲ್ಲ, ನನಗೆ.